ಐವತ್ತೆರಡರಲ್ಲಿ ಇಪ್ಪತ್ತೇಳು ಹೋದರೆ ಎಷ್ಟು?

ತುಮಕೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆ. ಮೂರನೇ ತರಗತಿಯ ಇಬ್ಬರು ಮಕ್ಕಳು ಸ್ಲೇಟು ಹಿಡಿದು ಶಿಕ್ಷಕಿಯ ಮೇಜಿನ ಮುಂದೆ ನಿಂತಿದ್ದಾರೆ. ಒಬ್ಬಳು ಹುಡುಗಿ, ಒಬ್ಬ ಹುಡುಗ. ಇಬ್ಬರ ಸ್ಲೇಟಿನಲ್ಲೂ ಒಂದೇ ಲೆಕ್ಕ: 52ರಲ್ಲಿ 27 ಕಳೆಯಬೇಕು. ಇಬ್ಬರ ಉತ್ತರವೂ ಒಂದೇ: 35. ಇಬ್ಬರದೂ ತಪ್ಪು.

ಇಂಥ ಹೊತ್ತಿನಲ್ಲಿ ಸಾಧಾರಣವಾಗಿ ಏನಾಗುತ್ತದೆ ಎಂಬುದು ಶಾಲೆಗೆ ಹೋದ ಎಲ್ಲರಿಗೂ ಗೊತ್ತು. ‘ನೋಡಿ ಬರೆದಿದ್ದೀರಾ?’ ಎಂದು ಗದರಿಸಿ, ಅಡ್ಡಗೆರೆ ಎಳೆದು, ಮತ್ತೆ ಹತ್ತು ಸಲ ಮಾಡಿಕೊಂಡು ಬಾ ಎಂದು ಕಳಿಸಲಾಗುತ್ತದೆ. ಆದರೆ ಈ ಶಿಕ್ಷಕಿ ಗದರಲಿಲ್ಲ. ‘ಹೇಗೆ ಮಾಡಿದೆ, ಹೇಳು’ ಎಂದು ಒಬ್ಬೊಬ್ಬರನ್ನೇ ಕೇಳಿದರು.

‘ಏಳರಲ್ಲಿ ಎರಡು ಹೋದರೆ ಐದು. ಐದರಲ್ಲಿ ಎರಡು ಹೋದರೆ ಮೂರು’ ಎಂದಳು ಹುಡುಗಿ.

‘ಎರಡರಲ್ಲಿ ಏಳು ಹೋಗಲ್ಲ ಟೀಚರ್. ಪಕ್ಕದ ಮನೆಯಿಂದ ಸಾಲ ತಗೊಂಡೆ. ಹನ್ನೆರಡರಲ್ಲಿ ಏಳು ಹೋದರೆ ಐದು. ಐದರಲ್ಲಿ ಎರಡು ಹೋದರೆ ಮೂರು’ ಎಂದ ಹುಡುಗ.

ಉತ್ತರ ಒಂದೇ, ದಾರಿ ಬೇರೆ. ಹುಡುಗಿಗೆ ಮೇಲಿನದು ಯಾವುದು, ಕೆಳಗಿನದು ಯಾವುದು ಎಂಬ ಗೊಡವೆ ಇಲ್ಲ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುವುದು ಅವಳು ಪಾಲಿಸುವ ನಿಯಮ. ಹುಡುಗ ಸಾಲ ಪಡೆಯುವುದನ್ನು ಕಲಿತಿದ್ದಾನೆ, ಆದರೆ ಕೊಟ್ಟ ಮನೆಯಲ್ಲಿ ಒಂದು ಕಡಿಮೆಯಾಯಿತು ಎಂಬುದನ್ನು ಮರೆತಿದ್ದಾನೆ. ಶಿಕ್ಷಕಿ ಲೆಕ್ಕವನ್ನು ಸ್ವಲ್ಪ ಬದಲಿಸಿದರು: 53ರಲ್ಲಿ 27. ಹುಡುಗಿಗೆ 34 ಬಂತು, ಹುಡುಗನಿಗೆ 36. ನೋಡಿ ಬರೆದದ್ದಲ್ಲ ಎಂಬುದೂ ಖಾತರಿಯಾಯಿತು, ಯಾರಿಗೆ ಏನು ಹೇಳಿಕೊಡಬೇಕೆಂಬುದೂ ತಿಳಿಯಿತು.

ಚಿಕ್ಕ ಮಕ್ಕಳಿಗೆ ಕಳೆಯುವ ಲೆಕ್ಕ ಕಲಿಸುವುದರ ಕಷ್ಟ ಮತ್ತು ಸೊಗಸು ಎರಡೂ ಈ ಪುಟ್ಟ ಪ್ರಸಂಗದಲ್ಲಿವೆ.

ಮೂವರಲ್ಲಿ ಒಬ್ಬರು

ಇದೇನು ಪತ್ರಿಕೆಯಲ್ಲಿ ಬರೆಯುವಷ್ಟು ದೊಡ್ಡ ಸಂಗತಿಯೇ ಎಂದು ಓದುಗರು ಕೇಳಬಹುದು. ‘ಅಸರ್’ ಎಂಬ ಹೆಸರಿನಲ್ಲಿ ಪ್ರಥಮ್ ಸಂಸ್ಥೆ 2005ರಿಂದ ನಡೆಸಿಕೊಂಡು ಬಂದಿರುವ ಸಮೀಕ್ಷೆಯೊಂದಿದೆ. ಸ್ವಯಂಸೇವಕರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ಓದಲು ಮತ್ತು ಲೆಕ್ಕ ಮಾಡಲು ಕೊಡುತ್ತಾರೆ. ಅದರಲ್ಲಿ ಬರುವ ಒಂದು ಮುಖ್ಯ ಲೆಕ್ಕವೇ ಎರಡಂಕಿಯ ಸಂಖ್ಯೆಯಿಂದ ಎರಡಂಕಿಯ ಸಂಖ್ಯೆಯನ್ನು ಕಳೆಯುವುದು. ನಮ್ಮ ಶಾಲೆಗಳ ಭಾಷೆಯಲ್ಲಿ ಹೇಳುವುದಾದರೆ ‘ದಶಕ ಸಹಿತ’ ವ್ಯವಕಲನ. ಗ್ರಾಮೀಣ ಭಾರತದಲ್ಲಿ ಮೂರನೇ ತರಗತಿಯ ಮಕ್ಕಳ ಪೈಕಿ ಈ ಲೆಕ್ಕ ಮಾಡಬಲ್ಲವರು 2022ರಲ್ಲಿ ಶೇ 25.9ರಷ್ಟಿದ್ದರು. 2024ರಲ್ಲಿ ಇದು ಶೇ 33.7ಕ್ಕೆ ಏರಿತು. ಏರಿಕೆ ಸಂತೋಷದ್ದೇ. ಆದರೂ ಮೂವರಲ್ಲಿ ಇಬ್ಬರು ಮಕ್ಕಳು 52ರ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದಾರೆ ಎಂದೇ ಅದರ ಅರ್ಥ.

ಅಲ್ಲಿಗೇ ನಿಲ್ಲುವುದಿಲ್ಲ. ಭಾಗಾಕಾರ ಎಂದರೆ ಮತ್ತೆ ಮತ್ತೆ ಕಳೆಯುವುದೇ ಆಗಿದೆ. ಕಳೆಯಲು ಬಾರದ ಮಗು ಭಾಗಾಕಾರದಲ್ಲಿ ಎಡವುತ್ತದೆ, ಅದು ಬಾರದೆ ಭಿನ್ನರಾಶಿ ಅರ್ಥವಾಗುವುದಿಲ್ಲ, ಅದಿಲ್ಲದೆ ಶೇಕಡಾ ಲೆಕ್ಕ, ಬಡ್ಡಿ ಲೆಕ್ಕ ಯಾವುದೂ ಒಲಿಯುವುದಿಲ್ಲ. ಅದೇ 2024ರ ಸಮೀಕ್ಷೆಯಲ್ಲಿ ಐದನೇ ತರಗತಿಯಲ್ಲಿದ್ದೂ ಭಾಗಾಕಾರ ಮಾಡಬಲ್ಲ ಮಕ್ಕಳ ಪ್ರಮಾಣ ಶೇ 30.7 ಮಾತ್ರ. ‘ನನಗೆ ಗಣಿತ ತಲೆಗೆ ಹತ್ತುವುದಿಲ್ಲ’ ಎಂದು ಹತ್ತನೇ ತರಗತಿಯಲ್ಲಿ ಕೈಚೆಲ್ಲುವ ಎಷ್ಟೋ ಹುಡುಗರ ಕಥೆ ಮೂರನೇ ತರಗತಿಯ ಇಂಥದೊಂದು ಸ್ಲೇಟಿನಲ್ಲೇ ಆರಂಭವಾಗಿರುತ್ತದೆ.

ತಿಳಿದವರಿಗೆ ತೋರದ ಕಷ್ಟ

ಕಳೆಯುವುದು ಸುಲಭ ಎಂಬ ಭಾವನೆ ಇಂದಿನದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ರಚಿಸಿದ. ಅದರಲ್ಲಿ ಆತ ಹೇಳುವ ಎಂಟು ಮೂಲಕ್ರಿಯೆಗಳು ಗುಣಾಕಾರದಿಂದಲೇ ಶುರುವಾಗುತ್ತವೆ. ಶ್ರೇಢಿಗಳನ್ನು ಕೂಡುವ, ಶ್ರೇಢಿಯಿಂದ ಒಂದು ಭಾಗವನ್ನು ಕಳೆಯುವ ವಿಧಾನಗಳಿವೆ. ಸಾಮಾನ್ಯ ಸಂಖ್ಯೆಗಳನ್ನು ಕೂಡುವ, ಕಳೆಯುವ ನಿಯಮಗಳೇ ಇಲ್ಲ. ಇಷ್ಟನ್ನು ತಿಳಿಯದವನು ತನ್ನ ಗ್ರಂಥದ ಬಳಿ ಏಕೆ ಬಂದಾನು ಎಂದು ಆಚಾರ್ಯ ಭಾವಿಸಿರಬೇಕು.

ಮೂರು ಶತಮಾನಗಳ ನಂತರ, 1150ರ ಸುಮಾರಿಗೆ, ಭಾಸ್ಕರಾಚಾರ್ಯನ ‘ಲೀಲಾವತಿ’ ಈ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಸ್ಥಾನಕ್ಕೆ ಸರಿಯಾಗಿ ಅಂಕಿಗಳನ್ನು ಕೂಡಬೇಕು ಅಥವಾ ಕಳೆಯಬೇಕು, ಬಲದಿಂದ ಎಡಕ್ಕಾದರೂ ಸರಿ, ಎಡದಿಂದ ಬಲಕ್ಕಾದರೂ ಸರಿ ಎಂಬುದು ಅದರ ತಾತ್ಪರ್ಯ. ಎಡದಿಂದ ಕಳೆಯುವುದು ಹೇಗೆ ಎಂದು ಇಂದಿನವರಿಗೆ ಅಚ್ಚರಿಯಾಗಬಹುದು. ಆಗಿನ ಲೆಕ್ಕಿಗರು ಹಲಗೆಯ ಮೇಲೆ ಧೂಳು ಹರಡಿ ಬೆರಳಿನಿಂದ ಬರೆಯುತ್ತಿದ್ದರು. 52ರಲ್ಲಿ 27 ಎಂದರೆ ಮೊದಲು ಐದು ಹತ್ತುಗಳಲ್ಲಿ ಎರಡು ಹೋಗಿ ಮೂರು. ಆಮೇಲೆ ಎರಡರಲ್ಲಿ ಏಳು ಹೋಗದೆಂದು ಗೊತ್ತಾದಾಗ ಮೂರನ್ನು ಒರೆಸಿ ಎರಡು ಮಾಡಿ, ಹನ್ನೆರಡರಲ್ಲಿ ಏಳು ಕಳೆದು ಐದು ಬರೆದರಾಯಿತು. ಒರೆಸುವುದು ಸುಲಭವಾದ್ದರಿಂದ ಯಾವ ಕಡೆಯಿಂದ ಹೊರಟರೂ ನಡೆಯುತ್ತಿತ್ತು. ನಮ್ಮ ಕೂಲಿಮಠಗಳ ಮಕ್ಕಳೂ ಮರಳಿನ ಮೇಲೆ ಬೆರಳಾಡಿಸಿಯೇ ಅಕ್ಷರ, ಅಂಕಿ ಕಲಿತವರು. ಕಾಗದ ಬಂದ ಮೇಲೆ ಒರೆಸುವ ಸೌಲಭ್ಯ ಹೋಯಿತು, ಬಲದಿಂದಲೇ ಹೊರಡುವ ಕಟ್ಟುನಿಟ್ಟು ಬಂತು.

ಕುತೂಹಲಕ್ಕೆ ಇನ್ನೊಂದು ಮಾತು. ಪೇಶಾವರದ ಬಳಿ 1881ರಲ್ಲಿ ಸಿಕ್ಕಿದ ಬಖ್ಶಾಲಿ ಹಸ್ತಪ್ರತಿಯಲ್ಲಿ ಕಳೆಯಬೇಕಾದ ಸಂಖ್ಯೆಯ ಮುಂದೆ ಹಾಕಿರುವ ಗುರುತು ನೋಡಲು ಇಂದಿನ ‘ಕೂಡು’ ಚಿಹ್ನೆಯ ಹಾಗೇ ಇದೆ! ನಾವು ಬಳಸುವ ಕೂಡು, ಕಳೆ ಚಿಹ್ನೆಗಳು ಮುದ್ರಣದಲ್ಲಿ ಕಾಣಿಸಿಕೊಂಡದ್ದು 1489ರಲ್ಲಿ, ಜರ್ಮನಿಯ ಯೊಹಾನೆಸ್ ವಿಡ್‌ಮನ್‌ನ ಪುಸ್ತಕದಲ್ಲಿ. ಚಿಹ್ನೆ ಎಂಬುದು ದೊಡ್ಡವರು ಮಾಡಿಕೊಂಡ ಒಪ್ಪಂದ. ಅದನ್ನು ನೋಡಿದ ಕೂಡಲೇ ಮಗುವಿಗೆ ಅರ್ಥವಾಗಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

‘ಕಳೆ’ ಎಂಬ ಮಾತು

ಮಗು ಶಾಲೆಗೆ ಬರುವ ಮೊದಲೇ ‘ಕಳೆ’ ಎಂಬ ಮಾತನ್ನು ಕೇಳಿರುತ್ತದೆ. ಪೆನ್ಸಿಲ್ ಕಳೆದುಕೊಂಡರೆ ಅಮ್ಮ ಬೈಯುತ್ತಾಳೆ. ಅಜ್ಜ ಹೊಲದಲ್ಲಿ ಕಳೆ ಕೀಳುತ್ತಾನೆ. ರಜೆಯನ್ನು ಅಜ್ಜಿ ಊರಿನಲ್ಲಿ ಕಳೆಯಲಾಗುತ್ತದೆ. ಇಷ್ಟೆಲ್ಲ ಅರ್ಥಗಳಿರುವ ಮಾತನ್ನು ಹಿಡಿದು ‘52ರಿಂದ 27ನ್ನು ಕಳೆಯಿರಿ’ ಎನ್ನುತ್ತೇವೆ. ಒಮ್ಮೊಮ್ಮೆ ‘27ನ್ನು 52ರಿಂದ ಕಳೆಯಿರಿ’ ಎಂದು ಮಾತು ತಿರುಗಿಸುತ್ತೇವೆ. ಕೇಳಿದ ಕ್ರಮದಲ್ಲೇ ಬರೆಯುವ ಮಗು 27ನ್ನು ಮೇಲೆ, 52ನ್ನು ಕೆಳಗೆ ಬರೆದರೆ ತಪ್ಪು ಯಾರದು?

ಹಾಗೆ ನೋಡಿದರೆ ಕಳೆಯುವ ಲೆಕ್ಕ ನಮ್ಮ ಎಣಿಕೆಯ ಮಾತುಗಳಲ್ಲೇ ಅಡಗಿ ಕುಳಿತಿದೆ. ಸಂಸ್ಕೃತದಲ್ಲಿ ಹತ್ತೊಂಬತ್ತಕ್ಕೆ ‘ಏಕೋನವಿಂಶತಿ’ ಎಂಬ ಹೆಸರುಂಟು. ಅಂದರೆ ಒಂದು ಊನವಾದ ಇಪ್ಪತ್ತು. ಹಿಂದಿಯ ‘ಉನ್ನೀಸ್’ ಅದರಿಂದಲೇ ಬಂದದ್ದು. ನಮ್ಮ ‘ಒಂಬತ್ತು’ ಎಂಬ ಮಾತಿನಲ್ಲೂ ‘ಹತ್ತು’ ಇದೆ, ‘ಹತ್ತಕ್ಕೆ ಒಂದು ಕಡಿಮೆ’ ಎಂಬುದೇ ಅದರ ಮೂಲ ಎಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ಗಡಿಯಾರ ನೋಡಿ ‘ಹತ್ತಕ್ಕೆ ಐದು ನಿಮಿಷ ಇದೆ’ ಎನ್ನುವಾಗಲೂ ನಾವು ಮಾಡುವುದು ಕಳೆಯುವ ಲೆಕ್ಕವನ್ನೇ. ಮಗುವಿಗೆ ಇದು ತೀರ ಅಪರಿಚಿತ ಲೋಕವೇನಲ್ಲ.

ಇನ್ನು ಕಳೆಯುವುದೆಂದರೆ ಒಂದೇ ಕೆಲಸವೂ ಅಲ್ಲ. ಡಬ್ಬಿಯಲ್ಲಿ ಹನ್ನೆರಡು ಚಕ್ಕುಲಿ ಇದ್ದವು, ಐದನ್ನು ತಿಂದರು, ಉಳಿದದ್ದೆಷ್ಟು? ಇದು ತೆಗೆಯುವ ಲೆಕ್ಕ. ಅಕ್ಕನ ಬಳಿ ಹನ್ನೆರಡು ಬಳೆ, ತಂಗಿಯ ಬಳಿ ಐದು. ಅಕ್ಕನ ಬಳಿ ಎಷ್ಟು ಹೆಚ್ಚು? ಇದು ಹೋಲಿಸುವ ಲೆಕ್ಕ. ಇಲ್ಲಿ ಯಾರೂ ಏನನ್ನೂ ತೆಗೆಯುವುದಿಲ್ಲ, ಎರಡೂ ಗುಂಪು ಕಣ್ಣೆದುರಿಗೇ ಇರುತ್ತವೆ. ಬಸ್ ಚಾರ್ಜು ಹನ್ನೆರಡು ರೂಪಾಯಿ, ಕೈಯಲ್ಲಿರುವುದು ಐದು. ಇನ್ನೆಷ್ಟು ಬೇಕು? ಇದು ತುಂಬುವ ಲೆಕ್ಕ. ಮೂರಕ್ಕೂ ಉತ್ತರ ಏಳೇ. ಆದರೆ ಶಾಲೆಗಳಲ್ಲಿ ಮೊದಲನೆಯದನ್ನು ನೂರು ಸಲ ಮಾಡಿಸಿ ಉಳಿದೆರಡನ್ನು ಪರೀಕ್ಷೆಯಲ್ಲಿ ಕೇಳುವುದುಂಟು. ‘ಹೆಚ್ಚು’ ಎಂಬ ಮಾತು ಕಂಡ ಕೂಡಲೇ ಮಗು ಕೂಡಿಬಿಡುತ್ತದೆ. ಹದಿನೇಳು ಎಂದು ಬರೆದು ಪೆಟ್ಟು ತಿನ್ನುತ್ತದೆ.

ಸಾಲವೋ, ಚಿಲ್ಲರೆಯೋ?

ಎಲ್ಲಕ್ಕಿಂತ ಹೆಚ್ಚು ಮಕ್ಕಳು ಮುಗ್ಗರಿಸುವುದು ‘ಪಕ್ಕದ ಮನೆಯ ಸಾಲ’ದಲ್ಲಿ. ಸಾಲ ಎಂಬ ಮಾತೇ ಇಲ್ಲಿ ಸರಿಹೊಂದುವುದಿಲ್ಲ. ಸಾಲ ತಂದರೆ ಹಿಂತಿರುಗಿಸಬೇಕು. ಈ ಲೆಕ್ಕದಲ್ಲಿ ಯಾರೂ ಹಿಂತಿರುಗಿಸುವುದಿಲ್ಲ. ಒಂದು ತಂದರೆ ಅದು ಹತ್ತು ಹೇಗಾಯಿತು ಎಂಬುದನ್ನೂ ಸಾಲದ ಕಥೆ ಹೇಳುವುದಿಲ್ಲ.

ನಿಜವಾಗಿ ಇಲ್ಲಿ ನಡೆಯುವುದು ನೋಟು ಮುರಿಸುವ ಕೆಲಸ. ನಿಮ್ಮ ಬಳಿ ಹತ್ತು ರೂಪಾಯಿಯ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯಗಳಿವೆ. ಇಪ್ಪತ್ತೇಳು ರೂಪಾಯಿ ಕೊಡಬೇಕು. ಎರಡು ನಾಣ್ಯದಲ್ಲಿ ಏಳು ಕೊಡಲಾಗದು. ಒಂದು ನೋಟು ಮುರಿಸಿ ಹತ್ತು ನಾಣ್ಯ ಪಡೆಯುತ್ತೀರಿ. ಈಗ ನೋಟು ನಾಲ್ಕು, ನಾಣ್ಯ ಹನ್ನೆರಡು. ಒಟ್ಟು ಹಣ ಆಗಲೂ ಐವತ್ತೆರಡು, ಈಗಲೂ ಐವತ್ತೆರಡು. ಏಳು ನಾಣ್ಯ, ಎರಡು ನೋಟು ಕೊಟ್ಟರೆ ಉಳಿಯುವುದು ಐದು ನಾಣ್ಯ, ಎರಡು ನೋಟು. ಇಪ್ಪತ್ತೈದು.

ದುಡ್ಡಿನ ಬದಲು ಕಡ್ಡಿಗಳಾದರೂ ಆದೀತು. ಹತ್ತು ಹತ್ತು ಕಡ್ಡಿಗಳನ್ನು ಸೇರಿಸಿ ರಬ್ಬರ್ ಬ್ಯಾಂಡು ಹಾಕಿದರೆ ಒಂದು ಕಟ್ಟು, ಕಟ್ಟದೆ ಉಳಿದವು ಬಿಡಿ. ನಮ್ಮ ಪಠ್ಯಪುಸ್ತಕಗಳು ಏಕಸ್ಥಾನವನ್ನು ‘ಬಿಡಿ’ ಎನ್ನುವುದು ಎಷ್ಟು ಅರ್ಥಪೂರ್ಣ! ಕಟ್ಟು ಬಿಚ್ಚಿ ಬಿಡಿಯ ಜೊತೆ ಸೇರಿಸಿದ ಮಗುವಿಗೆ ಕಟ್ಟುಗಳಲ್ಲಿ ಒಂದು ಕಡಿಮೆಯಾದುದನ್ನು ಯಾರೂ ನೆನಪಿಸಬೇಕಾಗಿಲ್ಲ. ಅದು ತನ್ನ ಕೈಯಿಂದಲೇ ಬಿಚ್ಚಿದ ಕಟ್ಟು.

ಲೋಕದಲ್ಲಿ ಇನ್ನೊಂದು ಪದ್ಧತಿಯೂ ಇದೆ. ಮೇಲಿನ ಬಿಡಿಗೆ ಹತ್ತು ಸೇರಿಸಿ, ಅದಕ್ಕೆ ಸರಿಯಾಗಿ ಕೆಳಗಿನ ಹತ್ತರ ಸ್ಥಾನಕ್ಕೆ ಒಂದು ಸೇರಿಸುವುದು. ಬ್ರಿಟನ್ನಿನ ಶಾಲೆಗಳಲ್ಲಿ ಇದು ದೀರ್ಘಕಾಲ ಬಳಕೆಯಲ್ಲಿತ್ತು. ಇದರ ಗುಟ್ಟು ವಯಸ್ಸಿನ ಲೆಕ್ಕದಲ್ಲಿದೆ. ತಾಯಿಗೆ 52, ಮಗಳಿಗೆ 27 ವರ್ಷ. ಮೂರು ವರ್ಷ ಕಳೆದ ಮೇಲೆ 55 ಮತ್ತು 30. ಇಬ್ಬರಿಗೂ ಅಷ್ಟೇ ವಯಸ್ಸು ಕೂಡಿದ್ದರಿಂದ ಅಂತರ ಬದಲಾಗದು. 55ರಲ್ಲಿ 30 ಹೋದರೆ 25 ಎಂದು ಬಾಯಲ್ಲೇ ಹೇಳಬಹುದು.

ಯಾವ ಪದ್ಧತಿ ಮೇಲು? ಅಮೆರಿಕದ ವಿಲಿಯಂ ಬ್ರೌನೆಲ್ ಮತ್ತು ಹೆರಾಲ್ಡ್ ಮೋಸರ್ 1949ರಲ್ಲಿ ಮೂರನೇ ತರಗತಿಯ ಮಕ್ಕಳ ಕುರಿತ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಎರಡೂ ಪದ್ಧತಿಗಳನ್ನು ಕೆಲವರಿಗೆ ಕಾರಣ ಸಹಿತ, ಕೆಲವರಿಗೆ ಬರೀ ಬಾಯಿಪಾಠವಾಗಿ ಕಲಿಸಿ ನೋಡಿದ ಅಧ್ಯಯನ ಅದು. ಕಾರಣ ತಿಳಿಸಿ ಕಲಿಸಿದಾಗ ಕಟ್ಟು ಬಿಚ್ಚುವ ಪದ್ಧತಿಯೇ ಹೆಚ್ಚು ಫಲ ಕೊಟ್ಟಿತು. ಅಲ್ಲಿನ ಪಠ್ಯಗಳು ಆಮೇಲೆ ಅದನ್ನೇ ಹಿಡಿದವು. ನಮ್ಮಲ್ಲಿ ಇಂದು ಕಲಿಸುವುದೂ ಅದನ್ನೇ. ಆದರೆ ಕಟ್ಟು ಕಾಣಿಸದೆ, ಅಂಕಿ ಹೊಡೆದು ಮೇಲೆ ಚಿಕ್ಕದಾಗಿ ಇನ್ನೊಂದು ಬರೆಯುವುದನ್ನಷ್ಟೇ ತೋರಿಸಿದರೆ ಅದೂ ಬಾಯಿಪಾಠವೇ ಆಗಿಬಿಡುತ್ತದೆ.

ತಪ್ಪಿಗೂ ಒಂದು ನಿಯಮ

ಮೇಜಿನ ಮುಂದೆ ನಿಂತ ಆ ಇಬ್ಬರು ಮಕ್ಕಳ ಕಡೆ ಮತ್ತೆ ಬರೋಣ. ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು 1978ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಮಕ್ಕಳ ಇಂಥ ತಪ್ಪುಗಳನ್ನೇ ಕಂಪ್ಯೂಟರ್ ನೆರವಿನಿಂದ ವಿಂಗಡಿಸಿದರು. ಅವರು ಕಂಡ ಮುಖ್ಯ ಸಂಗತಿ ಎಂದರೆ, ಮಕ್ಕಳ ಎಷ್ಟೋ ತಪ್ಪುಗಳು ಅಜಾಗರೂಕತೆಯಿಂದ ಆದವಲ್ಲ. ಮಗು ಯಾವುದೋ ಒಂದು ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿರುತ್ತದೆ. ನಿಯಮದಲ್ಲೇ ಒಂದು ಕೊಂಡಿ ತಪ್ಪಿರುತ್ತದೆ. ಯಂತ್ರದ ದೋಷವನ್ನು ಹುಡುಕುವ ಹಾಗೆ ಆ ಕೊಂಡಿಯನ್ನು ಹುಡುಕಬಹುದು.

ಸೊನ್ನೆಯ ಮುಂದೆ ಇದು ಇನ್ನೂ ಸ್ಪಷ್ಟ. 500ರಲ್ಲಿ 237 ಕಳೆಯಲು ಕೊಟ್ಟರೆ ಸರಿಯಾದ ಉತ್ತರ 263. ಸೊನ್ನೆಯಲ್ಲಿ ಏಳು ಹೋದರೆ ಏಳು, ಸೊನ್ನೆಯಲ್ಲಿ ಮೂರು ಹೋದರೆ ಮೂರು ಎಂದುಕೊಂಡ ಮಗು 337 ಬರೆಯುತ್ತದೆ. ಸೊನ್ನೆಯಲ್ಲಿ ಏನೂ ಇಲ್ಲ, ಆದ್ದರಿಂದ ಉಳಿಯುವುದೂ ಏನೂ ಇಲ್ಲ ಎಂದುಕೊಂಡ ಮಗು 300 ಬರೆಯುತ್ತದೆ. ಎರಡರಲ್ಲೂ ಒಂದು ತರ್ಕವಿದೆ. ಅದನ್ನು ಕೇಳಿ ತಿಳಿಯದೆ ಇನ್ನೂ ಹತ್ತು ಲೆಕ್ಕ ಕೊಟ್ಟರೆ ಮಗು ತಪ್ಪನ್ನೇ ಹತ್ತು ಸಲ ಅಭ್ಯಾಸ ಮಾಡಿದಂತಾಗುತ್ತದೆ.

ಸಂತೆಯ ಲೆಕ್ಕ, ಶಾಲೆಯ ಲೆಕ್ಕ

ಶಾಲೆಯಲ್ಲಿ ದಡ್ಡ ಎನಿಸಿಕೊಂಡ ಹುಡುಗ ಸಂತೆಯಲ್ಲಿ ಅಪ್ಪನ ಪಕ್ಕ ಕುಳಿತು ಚಿಲ್ಲರೆ ಕೊಡುವುದನ್ನು ನಾವೆಲ್ಲ ನೋಡಿದ್ದೇವೆ. ಐವತ್ತರ ನೋಟಿಗೆ ಮೂವತ್ತೇಳು ರೂಪಾಯಿಯ ಟೊಮೆಟೊ ಕೊಟ್ಟಾಗ ಆತ ಕಳೆಯುವುದಿಲ್ಲ, ಏರುತ್ತಾ ಹೋಗುತ್ತಾನೆ. ಮೂವತ್ತೇಳಕ್ಕೆ ಮೂರು ಸೇರಿ ನಲವತ್ತು, ಇನ್ನೊಂದು ಹತ್ತು ಸೇರಿ ಐವತ್ತು. ಹದಿಮೂರು ರೂಪಾಯಿ ಕೈಗೆ ಬರುತ್ತದೆ. ತಪ್ಪುವುದೇ ಇಲ್ಲ.

ಬ್ರೆಜಿಲ್‌ನ ರೆಸಿಫೆ ನಗರದ ಬೀದಿಗಳಲ್ಲಿ ವ್ಯಾಪಾರ ಮಾಡುತ್ತಿದ್ದ ಐವರು ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟವಾದ ಅಧ್ಯಯನ ಪ್ರಸಿದ್ಧವಾದದ್ದು. ವ್ಯಾಪಾರದ ನಡುವೆ ಕೇಳಿದಾಗ ಅವರು ನೂರಕ್ಕೆ 98ರಷ್ಟು ಲೆಕ್ಕಗಳನ್ನು ಸರಿಯಾಗಿ ಮಾಡಿದರು. ಅಂಥವೇ ಲೆಕ್ಕಗಳನ್ನು ಕಾಗದದ ಮೇಲೆ ಬರೀ ಅಂಕಿಗಳಾಗಿ ಕೊಟ್ಟಾಗ ಸರಿಯಾದದ್ದು ನೂರಕ್ಕೆ 37 ಮಾತ್ರ. ನಮ್ಮ ದೇಶದಲ್ಲೂ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಕುರಿತು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತಿತರರು ನಡೆಸಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಅಂಗಡಿಯಲ್ಲಿ ಚುರುಕಾಗಿ ಲೆಕ್ಕ ಮಾಡುವವರು ಶಾಲೆಯ ಲೆಕ್ಕದಲ್ಲಿ ಸೋತರು. ಶಾಲೆಯ ಲೆಕ್ಕ ಬಲ್ಲವರು ಅಂಗಡಿಯ ಲೆಕ್ಕದಲ್ಲಿ ಸೋತರು. ಎರಡರ ನಡುವೆ ಸೇತುವೆ ಕಟ್ಟಿಕೊಡುವ ಕೆಲಸವನ್ನು ಯಾರೂ ಮಾಡಿರಲಿಲ್ಲ.

ಕರ್ನಾಟಕದಲ್ಲಿ ಅಂಥ ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ ಕಲಿ’ ಪ್ರತಿ ಮಗುವೂ ತನ್ನ ವೇಗದಲ್ಲಿ, ಕಾರ್ಡು ಮತ್ತು ಚಟುವಟಿಕೆಗಳ ಮೂಲಕ ಕಲಿಯಲಿ ಎಂಬ ಆಶಯದ್ದು. ಅಕ್ಷರ ಫೌಂಡೇಷನ್ ರಾಜ್ಯ ಸರ್ಕಾರದೊಂದಿಗೆ ಸೇರಿ ನಡೆಸಿದ ‘ಗಣಿತ ಕಲಿಕಾ ಆಂದೋಲನ’ ಸರ್ಕಾರಿ ಶಾಲೆಗಳಿಗೆ ಮಣಿ, ಬಿಲ್ಲೆ, ಆಟದ ನೋಟುಗಳಿರುವ ಪೆಟ್ಟಿಗೆಗಳನ್ನು ತಲುಪಿಸಿತು. ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ‘ನಿಪುಣ್ ಭಾರತ್’ ಮೂರನೇ ತರಗತಿಯೊಳಗೆ ಓದು, ಲೆಕ್ಕಗಳ ಬುನಾದಿ ಗಟ್ಟಿಯಾಗಬೇಕು ಎಂಬ ಗುರಿಯದು. ಪೆಟ್ಟಿಗೆ ಇದ್ದರೆ ಸಾಲದು, ಅದು ಬೀರುವಿನಿಂದ ಹೊರಬಂದು ಮಕ್ಕಳ ಕೈ ಸೇರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮನೆಯಲ್ಲಿ ಏನು ಮಾಡಬಹುದು?

ಇದಕ್ಕೆ ಖರ್ಚೇನೂ ಇಲ್ಲ. ಹುಣಸೆ ಬೀಜ, ಪೊರಕೆ ಕಡ್ಡಿ, ಬಟ್ಟೆಯ ಕ್ಲಿಪ್ಪು ಯಾವುದಾದರೂ ಆದೀತು. ಮೊದಲು ಹತ್ತರೊಳಗಿನ ಜೋಡಿಗಳು ಬಾಯಿಗೆ ಬರಲಿ: ಏಳಕ್ಕೆ ಮೂರು ಸೇರಿದರೆ ಹತ್ತು, ಆರಕ್ಕೆ ನಾಲ್ಕು. ಹತ್ತು ಬೀಜಗಳಲ್ಲಿ ಕೆಲವನ್ನು ಮುಷ್ಟಿಯಲ್ಲಿ ಅಡಗಿಸಿ, ಉಳಿದವನ್ನು ತೋರಿಸಿ, ‘ಕೈಯಲ್ಲೆಷ್ಟು?’ ಎಂದು ಕೇಳುವ ಆಟ ಸಾಕು. ಇಪ್ಪತ್ತರಿಂದ ಹಿಂದಕ್ಕೆ ಎಣಿಸುವುದು ರೂಢಿಯಾಗಲಿ. ಹಾವು ಏಣಿ ಆಟದಲ್ಲಿ ಹಾವು ನುಂಗಿದಾಗ ‘ಎಷ್ಟು ಮನೆ ಕೆಳಗೆ ಬಂದೆ?’ ಎಂದು ಕೇಳಬಹುದು. ಅಳಗುಳಿ ಮಣೆಯ ಗುಳಿಗಳಲ್ಲಿ ಬೀಜ ಎತ್ತುವುದೂ, ಹಂಚುವುದೂ ಲೆಕ್ಕವೇ. ಕಟ್ಟು ಬಿಚ್ಚುವುದು ಇವೆಲ್ಲದರ ನಂತರ. ಅದೂ ಕೈಯಲ್ಲಿ ಬಿಚ್ಚಿದ ಮೇಲೆ ಕಾಗದಕ್ಕೆ. ಬೆರಳು ಮಡಿಸಿದರೆ ಗದರಬೇಡಿ. ಬೇಡವಾದ ದಿನ ಬೆರಳನ್ನು ಮಗುವೇ ಬಿಡುತ್ತದೆ.

ಉತ್ತರ ಬಂದ ಮೇಲೆ ಕೂಡಿ ನೋಡುವ ಅಭ್ಯಾಸವಿದ್ದರೆ ಇನ್ನೂ ಒಳ್ಳೆಯದು. 35ಕ್ಕೆ 27 ಕೂಡಿದರೆ 62. ಇದ್ದದ್ದು 52 ಅಲ್ಲವೇ? ತಪ್ಪನ್ನು ಮೇಷ್ಟರು ಹೇಳುವ ಮೊದಲೇ ಮಗು ತಾನೇ ಹಿಡಿಯುತ್ತದೆ. ಹಾಗೆ ಹಿಡಿದ ತಪ್ಪಿನಲ್ಲಿ ಅವಮಾನವಿಲ್ಲ.

ಆ ದಿನ ತುಮಕೂರಿನ ಶಾಲೆಯಲ್ಲಿ ಶಿಕ್ಷಕಿ ಇಬ್ಬರ ಮುಂದೆಯೂ ಕಡ್ಡಿಗಳ ಕಟ್ಟುಗಳನ್ನಿಟ್ಟರು. ಹುಡುಗಿ ಐದು ಕಟ್ಟು, ಎರಡು ಬಿಡಿ ಇಟ್ಟುಕೊಂಡಳು. ಏಳು ಬಿಡಿ ಕಡ್ಡಿ ಕೊಡು ಎಂದಾಗ ತನ್ನ ಎರಡು ಕಡ್ಡಿಗಳನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಯಾರನ್ನೂ ಕೇಳದೆ ಒಂದು ಕಟ್ಟಿನ ರಬ್ಬರ್ ಬ್ಯಾಂಡು ತೆಗೆದಳು. ಹುಡುಗನೂ ಒಂದು ಕಟ್ಟು ಬಿಚ್ಚಿ, ಉಳಿದ ಕಟ್ಟುಗಳನ್ನು ಎಣಿಸಿ, ‘ಟೀಚರ್, ಇಲ್ಲಿ ನಾಲ್ಕೇ ಇದೆ’ ಎಂದ. ‘ಹೌದು, ನಾಲ್ಕೇ’ ಎಂದರು ಶಿಕ್ಷಕಿ. ಸ್ಲೇಟಿನ ಮೇಲಿನ 35ನ್ನು ಇಬ್ಬರೂ ತಾವಾಗಿಯೇ ಒರೆಸಿದರು.